ಏಳು ಪಂಪ್‌ಹೌಸ್, ಒಂಬತ್ತು ಲೀಟರ್

ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು 53 ವರ್ಷ, ಕೆಲಸ ನೀರು ಸರಬರಾಜು ಕಚೇರಿಯಲ್ಲಿ ವಾಹನ ವಿಭಾಗದ ಮೇಲ್ವಿಚಾರಕ, ವಾಸ ಅದೇ ಕಚೇರಿಯ ವಸತಿಗೃಹಗಳ ಎರಡನೇ ಸಾಲಿನ 14ನೇ ಮನೆ, ಈ ಮೂಲಕ ತಿಳಿಸುವುದೇನೆಂದರೆ, ಇದು ಈ ಠಾಣೆಯಲ್ಲಿ ನಾನು ಕೊಡುತ್ತಿರುವ ಎರಡನೆಯ ಹೇಳಿಕೆ. ಮೊದಲನೆಯದನ್ನು ಇದೇ ತಿಂಗಳು 3ನೇ ತಾರೀಖು ಕೊಟ್ಟಿದ್ದೆ. ಅದರಲ್ಲಿ ನಮ್ಮ ಕಚೇರಿಯ ಚಾಲಕಿಯೊಬ್ಬರ ಮೇಲೆ ದೂರು ಹೇಳಿದ್ದೆ. ಆ ದೂರು ತಪ್ಪು. ಅದು ಹೇಗೆ ತಪ್ಪು ಎಂಬುದನ್ನು ನಡೆದ ಕ್ರಮದಲ್ಲೇ ಬರೆಸುತ್ತಿದ್ದೇನೆ.

ನಮ್ಮ ಕಚೇರಿಗೆ ಏಳು ಪಂಪ್‌ಹೌಸ್‌ಗಳಿವೆ. ವಾರಕ್ಕೆ ಎರಡು ಸಲ ಒಬ್ಬ ಚಾಲಕರು ಕಾರಿನಲ್ಲಿ ಏಳಕ್ಕೂ ಹೋಗಿ, ಪ್ರತಿಯೊಂದರ ನಲ್ಲಿಯಿಂದ ಮೂರು ಬಾಟಲಿ ನೀರು ಹಿಡಿದು ಪ್ರಯೋಗಾಲಯಕ್ಕೆ ತಂದುಕೊಡಬೇಕು. ಸುತ್ತು ಒಟ್ಟು 196 ಕಿ.ಮೀ. ಮೊದಲ ನಾಲ್ಕು ಪಂಪ್‌ಹೌಸ್‌ಗಳಲ್ಲಿ ಆಪರೇಟರ್‌ಗಳಿದ್ದಾರೆ. ನಾಲ್ಕನೆಯದು ಕಚೇರಿಯಿಂದ 56 ಕಿ.ಮೀ. ಅದರಾಚೆಯ ಐದು, ಆರು, ಏಳರಲ್ಲಿ ಯಾರೂ ಇಲ್ಲ. ಯಂತ್ರ ತಾನೇ ನಡೆಯುತ್ತದೆ, ಗೇಟಿನ ಬೀಗದ ಕೈ ಚಾಲಕರ ಬಳಿ ಇರುತ್ತದೆ. ಅಲ್ಲಿಗೆ ಹೋದದ್ದನ್ನು ಕಂಡವರು ಇರುವುದಿಲ್ಲ.

ಕಾರುಗಳು ಎರಡು. ಒಂಬತ್ತು ವರ್ಷದ ಹಿಂದೆ ಒಂದೇ ದಿನ ಕೊಂಡವು. ಎರಡೂ ಬಿಳಿ, ಎಂಜಿನ್ ಒಂದೇ. ಒಂದಕ್ಕೆ ಕೈಯಲ್ಲಿ ಹಾಕುವ ಐದು ಗೇರು. ಇನ್ನೊಂದು ಆಟೊಮ್ಯಾಟಿಕ್, ನಾಲ್ಕು ಗೇರನ್ನು ಅದೇ ಬದಲಿಸಿಕೊಳ್ಳುತ್ತದೆ. ಈ ಆಟೊಮ್ಯಾಟಿಕ್‌ನಲ್ಲಿ ಒಂಬತ್ತು ವರ್ಷ ಸುತ್ತು ಹೊಡೆದವನು ನಮ್ಮ ಚಾಲಕ, ವಯಸ್ಸು 38. ಕಚೇರಿಯಲ್ಲಿ ಎಲ್ಲರೂ ಅವನನ್ನು ಬಾಣ ಎನ್ನುತ್ತಾರೆ. ಹಾಗೆ ಕರೆದರೆ ಅವನಿಗೆ ಖುಷಿ. ಅವನಿಗೆ ಒಂದು ಸುತ್ತಿಗೆ 16 ಲೀಟರ್ ಪೆಟ್ರೋಲ್ ಬೇಕಾಗುತ್ತಿತ್ತು. ಅಂದರೆ ಲೀಟರಿಗೆ ಹನ್ನೆರಡೂಕಾಲು ಕಿ.ಮೀ. ಒಂಬತ್ತು ವರ್ಷ ನಾನು ಆ ಅಂಕಿಯನ್ನೇ ನೋಡಿದ್ದೆ. ನನ್ನ ಮಟ್ಟಿಗೆ ಅದು ಕಾರಿನ ಎತ್ತರ, ಅಗಲಗಳ ಹಾಗೆ ಕಾರಿನದೇ ಗುಣವಾಗಿತ್ತು.

ಐದು ತಿಂಗಳ ಹಿಂದೆ ಆಟೊಮ್ಯಾಟಿಕ್ ಕಾರನ್ನು ಎಂಜಿನಿಯರುಗಳ ಓಡಾಟಕ್ಕೆ ಕೊಟ್ಟು, ನೀರಿನ ಸುತ್ತಿಗೆ ಗೇರಿನ ಕಾರನ್ನು ಹಾಕಿದರು. ಅದನ್ನು ಓಡಿಸಲು ಟ್ಯಾಂಕರ್ ವಿಭಾಗದಿಂದ ಒಬ್ಬ ಚಾಲಕಿ ಬಂದರು. ವಯಸ್ಸು 47. ಹನ್ನೊಂದು ವರ್ಷ ನೀರಿನ ಟ್ಯಾಂಕರ್ ಓಡಿಸಿದವರು. ಅವರನ್ನು ಟ್ಯಾಂಕರಕ್ಕ ಎಂದು ಕರೆಯುತ್ತಾರೆ. ಮೊದಲ ವಾರವೇ ಅವರು ಸುತ್ತು ಮುಗಿಸಿ ತುಂಬಿಸಿದ ಪೆಟ್ರೋಲ್ 9.3 ಲೀಟರ್ ಎಂದು ಚೀಟಿ ಬಂತು. ಎರಡನೆಯ ವಾರವೂ ಹಾಗೇ, ಐದು ತಿಂಗಳೂ ಹಾಗೇ. ಜೊತೆಗೆ ಅವರು ಬಾಣನಿಗಿಂತ ಸುಮಾರು ಒಂದು ಗಂಟೆ ತಡವಾಗಿ ಬರುತ್ತಿದ್ದರು.

ನಾನು ಕೂತು ಲೆಕ್ಕ ಹಾಕಿದೆ. 9.3 ಲೀಟರನ್ನು ಹನ್ನೆರಡೂಕಾಲರಿಂದ ಗುಣಿಸಿದರೆ 114 ಕಿ.ಮೀ. ಆಗುತ್ತದೆ. ನಾಲ್ಕನೆಯ ಪಂಪ್‌ಹೌಸ್‌ವರೆಗೆ ಹೋಗಿ ಹಿಂದಿರುಗಿದರೆ 112 ಕಿ.ಮೀ. ಎರಡೂ ಅಂಕಿ ಪಕ್ಕಪಕ್ಕದಲ್ಲಿ ಬಂದು ಕೂತಾಗ ನನಗೆ ಸಂತೋಷವಾಯಿತು ಎಂಬುದನ್ನು ಇಲ್ಲಿ ಬರೆಸಬೇಕು. ಆಪರೇಟರ್‌ಗಳಿರುವ ನಾಲ್ಕು ಕಡೆ ಹೋಗಿ, ಯಾರೂ ಇಲ್ಲದ ಮೂರು ಕಡೆಗೆ ಹೋಗದೆ, ಎಲ್ಲೋ ಮರದ ನೆರಳಲ್ಲಿ ಒಂದು ಗಂಟೆ ಮಲಗಿ, ಕಿಲೋಮೀಟರ್ ಮೀಟರನ್ನು ಹೇಗೋ ಮುಂದಕ್ಕೆ ತಿರುಗಿಸಿ, ನಾಲ್ಕನೆಯದರ ನೀರನ್ನೇ ಐದು, ಆರು, ಏಳರ ಬಾಟಲಿಗಳಿಗೂ ತುಂಬಿ ತರುತ್ತಿದ್ದಾರೆ ಎಂದು ತೀರ್ಮಾನಿಸಿದೆ. ಪ್ರಯೋಗಾಲಯದ ವರದಿಗಳನ್ನು ತರಿಸಿ ನೋಡಿದೆ. ನಾಲ್ಕರಿಂದ ಏಳರವರೆಗೆ ನೀರು ಹೆಚ್ಚುಕಡಿಮೆ ಒಂದೇ ಥರ ಇತ್ತು. ಆ ನಾಲ್ಕೂ ಕಡೆಗೆ ನೀರು ಬರುವುದು ಒಂದೇ ಕೆರೆಯಿಂದ ಎಂಬುದು ನನಗೆ ಗೊತ್ತಿತ್ತು. ಆದರೆ ಆಗ ಅದು ನೆನಪಿಗೆ ಬರಲಿಲ್ಲ.

ಅವರನ್ನು ಕರೆದು ಕೇಳಿದೆ. ಏಳಕ್ಕೂ ಹೋಗುತ್ತೇನೆ ಸಾರ್ ಎಂದರು. ಹಾಗಾದರೆ ಪೆಟ್ರೋಲ್ ಎಲ್ಲಿಂದ ಬಂತು, ನೀರು ಹಾಕಿ ಓಡಿಸುತ್ತೀಯೇನಮ್ಮ ಎಂದೆ. ಕೋಣೆಯಲ್ಲಿದ್ದವರು ನಕ್ಕರು. ಅವರು ನಗಲಿಲ್ಲ. ನಿಧಾನವಾಗಿ ಹೋಗುತ್ತೇನೆ ಸಾರ್, ಅಷ್ಟೇ, ಒಂದು ದಿನ ಬಂದು ಕೂತು ನೋಡಿ ಎಂದರು. ನನಗೆ ಕೆಲಸವಿದೆ ಎಂದೆ. ಮಾರನೆಯ ದಿನ, 3ನೇ ತಾರೀಖು, ಠಾಣೆಗೆ ಬಂದು ಸುಳ್ಳು ಮಾದರಿ ಮತ್ತು ಮೀಟರ್ ತಿದ್ದಿದ ಬಗ್ಗೆ ದೂರು ಕೊಟ್ಟೆ. ಅದೇ ದಿನ ಅವರನ್ನು ಕೆಲಸದಿಂದ ದೂರವಿಟ್ಟರು. ಕಾರನ್ನು ಠಾಣೆಯ ಆವರಣಕ್ಕೆ ತಂದು ನಿಲ್ಲಿಸಿದರು. ಅವರ ಐದು ತಿಂಗಳ ವರದಿಗಳ ಮೇಲೆ ಅಡ್ಡಗೆರೆ ಎಳೆದರು. ದೂರು ನಿಜವೆಂದಾದರೆ ಕೆಲಸ ಹೋಗುವುದಲ್ಲದೆ ಜೈಲೂ ಆಗಬಹುದಿತ್ತು.

ಆ ದಿನ ಮನೆಗೆ ಹೋಗಿ ಹೆಂಡತಿಗೆ ವಿಷಯ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು. ಜಾಸ್ತಿ ಕುಡಿದದ್ದಕ್ಕೆ ಕಂಪ್ಲೇಂಟ್ ಕೊಡೋರನ್ನ ನೋಡಿದೀನಿ, ಕಡಿಮೆ ಕುಡಿದದ್ದಕ್ಕೆ ಕೊಟ್ಟೋರು ನೀವೊಬ್ಬರೇ ಕಣ್ರೀ ಎಂದಳು.

15ನೇ ತಾರೀಖು ಇನ್ಸ್‌ಪೆಕ್ಟರ್ ನನ್ನನ್ನು ಕರೆಸಿದರು. ನನ್ನ ಲೆಕ್ಕದ ಹಾಳೆ ಅವರ ಮೇಜಿನ ಮೇಲಿತ್ತು. ಲೆಕ್ಕ ಬಹಳ ಚೆನ್ನಾಗಿದೆ ಮೇಲ್ವಿಚಾರಕರೇ, ಕಾರಿಗೂ ಒಂದು ಪ್ರತಿ ಕೊಟ್ಟಿದ್ದೀರಾ ಎಂದು ಕೇಳಿದರು. ಆಮೇಲೆ ಒಂದು ಏರ್ಪಾಡು ಹೇಳಿದರು. ಪೆಟ್ರೋಲ್ ಟ್ಯಾಂಕನ್ನು ಬಾಯಿತನಕ ತುಂಬಿಸಿ ಮುಚ್ಚಳಕ್ಕೆ ಅರಗಿನ ಮುದ್ರೆ ಹಾಕುವುದು. ಚಾಲಕಿ ಓಡಿಸುವುದು. ಒಬ್ಬ ಕಾನ್‌ಸ್ಟೆಬಲ್ ಮತ್ತು ದೂರುದಾರನಾದ ನಾನು ಜೊತೆಯಲ್ಲಿ ಕೂರುವುದು. ಏಳೂ ಕಡೆ ಹೋಗಿ ಬಂದಮೇಲೆ ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ ಎಷ್ಟು ಹಿಡಿಸಿತೋ ಅದನ್ನು ಮಹಜರಿನಲ್ಲಿ ಬರೆಯುವುದು.

18ನೇ ತಾರೀಖು ಬೆಳಿಗ್ಗೆ 6 ಗಂಟೆ 40 ನಿಮಿಷಕ್ಕೆ ಪೆಟ್ರೋಲ್ ತುಂಬಿಸಲಾಯಿತು. ಮುದ್ರೆಯ ಕಾಗದದ ಮೇಲೆ ನಾನೂ ಸಹಿ ಮಾಡಿದೆ. ಹೊರಡುವ ಮೊದಲು ಚಾಲಕಿ ನಾಲ್ಕು ಚಕ್ರಗಳ ಗಾಳಿ ನೋಡಿದರು. ಹಿಂದಿನ ಎಡ ಚಕ್ರಕ್ಕೆ ಸ್ವಲ್ಪ ಹೊಡೆಸಿದರು. ಕಾನ್‌ಸ್ಟೆಬಲ್ ದೊಡ್ಡ ಆಳು. ನನ್ನ ತೂಕ 94 ಕೆ.ಜಿ., ಅದನ್ನೂ ಮಹಜರಿನಲ್ಲಿ ಹಾಕಿ, ಇಲ್ಲದಿದ್ದರೆ ಅಕ್ಕನಿಗೆ ಅನ್ಯಾಯ ಎಂದು ಅವರೇ ಹೇಳಿದರು. ಅದನ್ನು ಹಾಕಲಾಗಿದೆ. ನಾವು ಹೊರಟದ್ದು 6 ಗಂಟೆ 58 ನಿಮಿಷಕ್ಕೆ. ಚಾಲಕಿಯ ಪಕ್ಕದ ಸೀಟಿನಲ್ಲಿ ನಾನು, ಹಿಂದೆ ಕಾನ್‌ಸ್ಟೆಬಲ್. ಬಾಟಲಿಗಳ ಪೆಟ್ಟಿಗೆ ಇರಲಿಲ್ಲ. ಕೆಲಸದಿಂದ ದೂರವಿಟ್ಟವರಿಗೆ ಬಾಟಲಿ ಕೊಡುವಂತಿಲ್ಲ ಎಂದು ಪ್ರಯೋಗಾಲಯದವರು ಹೇಳಿದ್ದರು.

ಮೊದಲು ಮೀಟರ್ ನೋಡಿದೆವು. ರಸ್ತೆ ಬದಿಯ ಹತ್ತು ಕಿಲೋಮೀಟರ್ ಕಲ್ಲುಗಳನ್ನು ಕಾನ್‌ಸ್ಟೆಬಲ್ ಗಟ್ಟಿಯಾಗಿ ಎಣಿಸಿದರು. ಹತ್ತು ಕಲ್ಲಿಗೆ ಮೀಟರ್ ಹತ್ತೇ ತೋರಿಸಿತು. ನನ್ನ ದೂರಿನ ಒಂದು ಭಾಗ ಅಲ್ಲಿಗೆ ಬಿದ್ದುಹೋಯಿತು. ಮೊದಲನೆಯ ಪಂಪ್‌ಹೌಸಿನಲ್ಲಿ ನಿಂತದ್ದೂ ಸೇರಿ ಆಗ ಸಮಯ 7 ಗಂಟೆ 27 ನಿಮಿಷ.

ಚಾಲಕಿ ಗೇರು ಹಾಕುತ್ತಿದ್ದ ರೀತಿಯನ್ನು ನಾನು ಗಮನಿಸಿದೆ. ಗಾಡಿ ಎರಡು ಗಾಡಿಯುದ್ದ ಹೋಗುವಷ್ಟರಲ್ಲಿ ಎರಡನೆಯದು, 30ಕ್ಕೆ ಮೂರನೆಯದು, 40 ದಾಟುತ್ತಲೇ ನಾಲ್ಕನೆಯದು, 50ಕ್ಕೆ ಐದನೆಯದು. ಎಂಜಿನ್ ಕೂಗುವುದು ಒಮ್ಮೆಯೂ ಕೇಳಲಿಲ್ಲ. ಹೆದ್ದಾರಿಗೆ ಬಂದ ಮೇಲೆ ಮುಳ್ಳು 58ರಿಂದ 64ರ ನಡುವೆ ನಿಂತಿತು. ಲಾರಿಗಳು ನಮ್ಮನ್ನು ದಾಟಿದವು. ತರಕಾರಿ ತುಂಬಿದ ಒಂದು ವ್ಯಾನು ಹಾರ್ನ್ ಹೊಡೆದು ದಾಟಿತು. ಅಕ್ಕಾ, ಹಿಂದೆ ಸೈಕಲ್‌ನವನೊಬ್ಬ ದಾರಿ ಕೇಳ್ತಿದ್ದಾನೆ ನೋಡು ಎಂದು ಕಾನ್‌ಸ್ಟೆಬಲ್ ಹೇಳಿದರು. ಹೋಗಲಿ ಬಿಡಿ ಅಣ್ಣಾ, ಅವನಿಗೆ ಮನೇಲಿ ಏನು ಕೆಲಸವೋ ಎಂದು ಚಾಲಕಿ ಕನ್ನಡಿ ನೋಡದೆಯೇ ಹೇಳಿದರು.

ಎರಡನೆಯ ಮತ್ತು ಮೂರನೆಯ ಪಂಪ್‌ಹೌಸ್‌ಗಳ ನಡುವೆ ಒಂದು ರೈಲ್ವೆ ಗೇಟಿದೆ. ಅದಕ್ಕೆ ಇನ್ನೂ ಸುಮಾರು 600 ಮೀಟರ್ ಇರುವಾಗ ಒಂದು ಕೆಂಪು ಕಾರು ನಮ್ಮನ್ನು ಜೋರಾಗಿ ದಾಟಿತು. ಅದೇ ಹೊತ್ತಿಗೆ ಚಾಲಕಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರು. ಮುಂದೆ ಏನೂ ಅಡ್ಡವಿರಲಿಲ್ಲ. ಯಾಕೆ ಎಂದು ಕೇಳಿದೆ. ಗೇಟು ಹಾಕಿದೆ ಸಾರ್, ಅಲ್ಲಿ ನಿಂತಿರೋ ಬಸ್ಸಿನ ಜನ ಕೆಳಗಿಳಿದು ಆಗಲೇ ಮತ್ತೆ ಹತ್ತುತ್ತಿದ್ದಾರೆ, ರೈಲು ಹೋಯಿತು ಅಂತ ಅರ್ಥ ಎಂದರು. ನನಗೆ ಬಸ್ಸು ಮಾತ್ರ ಕಾಣುತ್ತಿತ್ತು. ಕಾರು ತಾನಾಗಿಯೇ ನಿಧಾನವಾಗುತ್ತ ಹೋಯಿತು. ನಾವು ಗೇಟಿನ ಹತ್ತಿರ ಬರುವುದಕ್ಕೂ ಅದು ಮೇಲೇಳುವುದಕ್ಕೂ ಸರಿಹೋಯಿತು. ಬ್ರೇಕ್ ಮುಟ್ಟದೆ, ಮೂರನೆಯ ಗೇರಿನಲ್ಲಿ ಹಳಿ ದಾಟಿದೆವು. ನಿಂತಿದ್ದ ಕೆಂಪು ಕಾರು ಹೊಗೆಬಿಟ್ಟುಕೊಂಡು ಹೊರಡುವಷ್ಟರಲ್ಲಿ ನಾವು ಅದರ ಮುಂದಿದ್ದೆವು. ಕಾನ್‌ಸ್ಟೆಬಲ್ ಹಿಂದೆ ತಿರುಗಿ ಕೆಂಪು ಕಾರನ್ನು ನೋಡಿದರು. ಆಮೇಲೆ, ಇನ್ನೊಂದು ಸಲ ಮಾಡಕ್ಕಾ ಎಂದರು.

ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದೆ. ಅದುವರೆಗೆ ಅವರನ್ನು ಏಕವಚನದಲ್ಲಿ ಮಾತಾಡಿಸುತ್ತಿದ್ದೆ. ಟ್ಯಾಂಕರ್ ಪೂರ್ತಿ ತುಂಬಿದ್ದರೆ ಕಷ್ಟವಿಲ್ಲ, ಖಾಲಿಯಿದ್ದರೂ ಕಷ್ಟವಿಲ್ಲ, ಅರ್ಧ ತುಂಬಿದ್ದರೆ ಮಾತ್ರ ಕಷ್ಟ ಎಂದು ಅವರು ಹೇಳಿದರು. ಬ್ರೇಕ್ ಹಾಕಿದರೆ ಐದು ಸಾವಿರ ಲೀಟರ್ ನೀರು ಹಿಂದಿನಿಂದ ಓಡಿಬಂದು ಬೆನ್ನಿಗೆ ಗುದ್ದುತ್ತದಂತೆ. ಜೋರಾಗಿ ಹೊರಟರೆ ಹಿಂದಕ್ಕೆ ಹೋಗಿ ಎಳೆಯುತ್ತದಂತೆ. ಮೊದಲ ವರ್ಷ ದಿನಾ ಬೆನ್ನುನೋವು. ಆಮೇಲೆ ನೀರಿಗೆ ಗೊತ್ತಾಗದ ಹಾಗೆ ಓಡಿಸೋದು ಕಲಿತೆ ಸಾರ್, ಡೀಸೆಲ್ ಉಳಿಸಬೇಕು ಅಂತ ಏನೂ ಅಲ್ಲ ಎಂದರು.

ನಾಲ್ಕನೆಯ ಪಂಪ್‌ಹೌಸಿಗೆ ಬಂದದ್ದು 8 ಗಂಟೆ 46 ನಿಮಿಷಕ್ಕೆ. ಅಲ್ಲಿಯ ಆಪರೇಟರ್ ನಿವೃತ್ತಿಗೆ ಹತ್ತಿರವಾದವರು. ಎಲ್ಲರಿಗೂ ಮಾಮ. ಚಾಲಕಿಯನ್ನು ನೋಡಿ, ಬಂದ್ಯಾ ತಾಯಿ, ಜೈಲಿಗೆ ಕಳಿಸಿಬಿಟ್ರೇನೋ ಅಂದ್ಕೊಂಡಿದ್ದೆ ಎಂದರು. ನಂತರ ನನ್ನನ್ನು ನೋಡಿ ನಮಸ್ಕಾರ ಮಾಡಿದರು. 60ರಲ್ಲಿ ಹೋದರೆ ಅಷ್ಟು ಪೆಟ್ರೋಲ್ ಉಳಿಯುತ್ತದೆಯೇ ಎಂದು ನಾನು ಅವರನ್ನು ಕೇಳಿದೆ. ಅವರು ನನ್ನನ್ನು ಪಂಪಿನ ಕೋಣೆಗೆ ಕರೆದುಕೊಂಡು ಹೋದರು. ಒಂದು ಚಕ್ರ ತಿರುಗಿಸಿ ನೀರಿನ ವೇಗ ಹೆಚ್ಚಿಸಿದರು. ಗೋಡೆಯ ಮೇಲಿನ ಮುಳ್ಳು ಏರಿತು. ಪೈಪು ನಡುಗತೊಡಗಿತು. ಪೈಪು ಅದೇ, ನೀರು ಅದೇ, ಒಂದೂವರೆಪಟ್ಟು ಬೇಗ ಹೋಗು ಅಂತ ಅಂದಿದ್ದಕ್ಕೆ ನೂಕೋ ಬಲ ಎರಡುಪಟ್ಟಿಗಿಂತ ಜಾಸ್ತಿ ಕೇಳ್ತದೆ ನೋಡಿ ಎಂದರು. ಅದು ನನಗೆ ಗೊತ್ತು, ನಮ್ಮ ಕಚೇರಿಯಲ್ಲಿ ಜವಾನನಿಗೂ ಗೊತ್ತು ಎಂದೆ. ಗಾಳೀನೂ ಹಂಗೇ ಅಲ್ವಾ ಸಾರ್, ನೀರಿನಷ್ಟು ದಪ್ಪ ಇಲ್ಲ, ಅಷ್ಟೇ ಎಂದರು. ಚಕ್ರವನ್ನು ಮತ್ತೆ ತಿರುಗಿಸಿದರು. ಪೈಪಿನ ನಡುಕ ನಿಂತಿತು.

ನಾನು ಆ ಪೈಪಿನ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ. ನೀರನ್ನು ಎಷ್ಟು ವೇಗದಲ್ಲಿ ನೂಕಿದರೆ ಎಷ್ಟು ವಿದ್ಯುತ್ ಎಂಬ ಪಟ್ಟಿ ನಮ್ಮ ಕಚೇರಿಯ ಪ್ರತಿ ಗೋಡೆಯ ಮೇಲೂ ಇದೆ. ಅದರ ಕೆಳಗೆ ಕೂತು 22 ವರ್ಷ ನಾನು ಕಾರುಗಳಿಗೆ ಪೆಟ್ರೋಲ್ ಚೀಟಿ ಬರೆದಿದ್ದೇನೆ.

9 ಗಂಟೆ 20 ನಿಮಿಷಕ್ಕೆ ಅಲ್ಲಿಂದ ಹೊರಟೆವು. ನನ್ನ ದೂರಿನ ಪ್ರಕಾರ ಚಾಲಕಿ ಎಂದೂ ಹೋಗದ ರಸ್ತೆ ಅದು. ಅವರಿಗೆ ಅದರ ಪ್ರತಿ ಗುಂಡಿಯೂ ಗೊತ್ತಿತ್ತು. ಒಂದು ತಿರುವಿನಲ್ಲಿ ಏನೂ ಕಾಣದೆ ಕಾಲು ತೆಗೆದರು. ತಿರುವು ದಾಟಿದರೆ ರಸ್ತೆಯ ಮೇಲೆ ಎಮ್ಮೆಗಳು. ಈ ಹೊತ್ತಿಗೆ ಇಲ್ಲೇ ಇರ್ತಾವೆ ಎಂದರು. ಐದನೆಯ ಪಂಪ್‌ಹೌಸಿನಲ್ಲಿ ಗೇಟು ತೆಗೆದು, ನಲ್ಲಿ ತಿರುಗಿಸಿ, ಎರಡು ನಿಮಿಷ ನೀರು ಹರಿಯಲು ಬಿಟ್ಟರು. ಬಾಟಲಿ ಹಿಡಿಯುವ ಹೊತ್ತು ಬಂದಾಗ ಬೊಗಸೆ ಹಿಡಿದರು. ಬೊಗಸೆಯ ನೀರನ್ನು ಬೆಳಕಿಗೆ ಎತ್ತಿ ನೋಡಿ, ಮೂಸಿ, ಚೆಲ್ಲಿದರು. ಕೈ ಒರೆಸಿಕೊಂಡು ಬಂದು ಕೂತರು.

ಐದಕ್ಕೂ ಆರಕ್ಕೂ ನಡುವೆ ಗುಡ್ಡ ಇಳಿಯಬೇಕು. ಇಳಿಜಾರು ಏಳು ಕಿ.ಮೀ. ನಮ್ಮ ಚಾಲಕರೆಲ್ಲ ಅಲ್ಲಿ ನ್ಯೂಟ್ರಲ್ ಮಾಡಿ ಗಾಡಿ ಉರುಳಿಸುತ್ತಾರೆ ಎಂದು ಕೇಳಿದ್ದೆ. ಈಗ ಗುಟ್ಟು ಗೊತ್ತಾಗುತ್ತದೆ ಎಂದು ಅವರ ಕೈಯನ್ನೇ ನೋಡುತ್ತಿದ್ದೆ. ಅವರು ಐದರಿಂದ ನಾಲ್ಕಕ್ಕೆ ಹಾಕಿ, ಕಾಲು ಪೂರ್ತಿ ತೆಗೆದು, ಕೈಯನ್ನು ಸ್ಟಿಯರಿಂಗ್ ಮೇಲಿಟ್ಟು ಸುಮ್ಮನೆ ಕೂತರು. ನ್ಯೂಟ್ರಲ್ ಮಾಡುವುದಿಲ್ಲವೇ ಎಂದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ತಾನು ಬದುಕಿರೋದಕ್ಕೆ ಕುಡೀತಾನೇ ಇರ್ತದೆ ಸಾರ್, ಬ್ರೇಕೂ ಬಿಸಿಯಾಗ್ತದೆ. ಗೇರಲ್ಲಿ ಬಿಟ್ಟರೆ ಚಕ್ರವೇ ಎಂಜಿನ್ನನ್ನು ತಿರುಗಿಸ್ತದೆ, ಅದು ಒಂದು ಹನಿಯನ್ನೂ ಕೇಳಲ್ಲ, ಮೆಕ್ಯಾನಿಕ್ ಅಣ್ಣ ಹೇಳಿಕೊಟ್ಟಿದ್ದು ಎಂದರು. ಒಂದು ಹನಿಯನ್ನೂ ಅಂದರೆ ಎಷ್ಟು ಎಂದು ಕೇಳಿದೆ. ಒಂದು ಹನಿಯನ್ನೂ ಅಂದರೆ ಒಂದು ಹನಿಯನ್ನೂ ಸಾರ್ ಎಂದರು.

ಕಾರು 50ರ ಆಸುಪಾಸಿನಲ್ಲಿ ತನ್ನ ಪಾಡಿಗೆ ಇಳಿಯಿತು. ಎಂಜಿನ್ ಸದ್ದು ದೂರದಲ್ಲೆಲ್ಲೋ ಯಾರೋ ಹಾಡು ಗುನುಗಿದಂತಿತ್ತು. ಎಡಕ್ಕೆ ಕಣಿವೆ, ಅದರ ತಳದಲ್ಲಿ ಆರನೆಯ ಪಂಪ್‌ಹೌಸಿನ ಸಣ್ಣ ಬಿಳಿ ಛಾವಣಿ. ಕಾನ್‌ಸ್ಟೆಬಲ್ ಕಿಟಕಿ ಇಳಿಸಿದರು. ನಾನು ಅಭ್ಯಾಸಬಲದಿಂದ ಈ ಏಳು ಕಿ.ಮೀ.ಗೆ ಲೀಟರಿಗೆ ಎಷ್ಟು ಬಿತ್ತು ಎಂದು ಮನಸ್ಸಿನಲ್ಲಿ ಭಾಗಿಸಲು ಹೊರಟೆ. ಕೆಳಗಿನ ಅಂಕಿ ಸೊನ್ನೆ. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಕೆಲಸಕ್ಕೆ ಸೇರಿದ ಮೇಲೆ ನನ್ನ ನಮೂನೆಯಲ್ಲಿ ತುಂಬಲಾಗದ ಮೊದಲ ಕಲಮು ಅದು. ಅಷ್ಟು ಹೊತ್ತು ನಾನು ಉಸಿರನ್ನು ಮೆಲ್ಲಗೆ ಬಿಡುತ್ತಿದ್ದೆ ಎಂಬುದು ಇಳಿಜಾರು ಮುಗಿದ ಮೇಲೆ ಗೊತ್ತಾಯಿತು.

ಏಳನೆಯ ಪಂಪ್‌ಹೌಸಿಗೆ ಬಂದದ್ದು 10 ಗಂಟೆ 58 ನಿಮಿಷಕ್ಕೆ. ಅದನ್ನು ನಾನು ನೋಡಿದ್ದು ಅದೇ ಮೊದಲು. ಆವರಣದಲ್ಲಿ ಮೊಣಕಾಲೆತ್ತರ ಹುಲ್ಲು. ಗೇಟಿನಿಂದ ನಲ್ಲಿಯವರೆಗೆ 40 ಹೆಜ್ಜೆ. ಆ ನಲವತ್ತು ಹೆಜ್ಜೆಯ ಉದ್ದಕ್ಕೂ ಒಂದಾಳು ನಡೆಯುವಷ್ಟು ಅಗಲಕ್ಕೆ ಹುಲ್ಲು ಗಿಡ್ಡವಾಗಿತ್ತು, ಹೊಸ ಹಸಿರು ಬಣ್ಣದ್ದಾಗಿತ್ತು. ತುಳಿದು ತುಳಿದು ಸವೆದ ದಾರಿ, ಎರಡು ವಾರದಿಂದ ಯಾರೂ ತುಳಿಯದೆ ಚಿಗುರಿದೆ ಎಂಬುದು ನೋಡಿದವರಿಗೆ ತಿಳಿಯುತ್ತಿತ್ತು. ಕಾನ್‌ಸ್ಟೆಬಲ್ ಗೇಟಿನ ಹೊರಗೆ ಕಾರಿನ ಮುದ್ರೆ ಕಾಯುತ್ತ ನಿಂತಿದ್ದರಿಂದ ಅದು ಅವರಿಗೆ ಕಾಣಲಿಲ್ಲ. ನಾನು ಕಂಡೆ. ಅಲ್ಲಿ ನನಗೆ ಪೂರ್ತಿ ಗೊತ್ತಾಯಿತು. ಆದರೂ ಯಾರಿಗೂ ಹೇಳಲಿಲ್ಲ. ಪೆಟ್ರೋಲ್ ಅಳತೆ ಇನ್ನೂ ಬಾಕಿಯಿದೆಯಲ್ಲ ಎಂದುಕೊಂಡೆ. ಈಗ ಹೇಳುತ್ತಿದ್ದೇನೆ.

ಹಿಂದಿರುಗಿದ್ದು 12 ಗಂಟೆ 52 ನಿಮಿಷಕ್ಕೆ. ಬಂಕಿನಲ್ಲಿ ಮುದ್ರೆ ಒಡೆದು ಪೆಟ್ರೋಲ್ ಹಾಕಿದರು. ಚಾಲಕಿ ಕಾರಿನಿಂದ ಇಳಿಯದೆ ಎದುರು ನೋಡುತ್ತ ಕೂತಿದ್ದರು. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು. ದಾರಿಯಲ್ಲಿ ಒಮ್ಮೆಯೂ ಅವರು ಹಾಗೆ ಹಿಡಿದಿರಲಿಲ್ಲ. ಅಂಕಿ ಏಳು ದಾಟಿತು, ಎಂಟು ದಾಟಿತು. ಒಂಬತ್ತು ದಾಟಿದಾಗ ಕಾನ್‌ಸ್ಟೆಬಲ್, ಸಾಕು ನಿಲ್ಲೋ ಎಂದು ಪಂಪಿಗೇ ಹೇಳಿದರು. 9.2 ಲೀಟರಿಗೆ ಟಕ್ಕೆಂದು ನಿಂತಿತು. ಮೂರು ಜನ ಕೂತಿದ್ದರೂ ಲೀಟರಿಗೆ 21.3 ಕಿ.ಮೀ. ಬಂಕಿನವನು ಕೊಳವೆ ಅಲ್ಲಾಡಿಸಿ, ಇನ್ನು ಹಿಡಿಸಲ್ಲ ಸಾರ್ ಎಂದ.

ಅದೇ ದಿನ ಮಧ್ಯಾಹ್ನ ಬಾಣ ಠಾಣೆಗೆ ಬಂದು ತಕರಾರು ಹೇಳಿದ. ಇದರಲ್ಲಿ ಅಕ್ಕನ ಹೆಚ್ಚುಗಾರಿಕೆ ಏನೂ ಇಲ್ಲ, ಗೇರಿನ ಗಾಡಿ ಯಾರು ಓಡಿಸಿದರೂ ಅಷ್ಟು ಕೊಡ್ತದೆ, ಆಟೊಮ್ಯಾಟಿಕ್ ಅಂದ್ರೇನೇ ಕುಡುಕ, ನನ್ನನ್ನ ಕಳ್ಳ ಅಂತ ನೋಡಬೇಡಿ ಎಂದ. ಅವನ ಮಾತಿನಲ್ಲಿ ನ್ಯಾಯವಿತ್ತು. ಇನ್ಸ್‌ಪೆಕ್ಟರ್ ಮಾರನೆಯ ದಿನ ಇಬ್ಬರಿಗೂ ಕಾರು ಅದಲು ಬದಲು ಮಾಡಿಸಿದರು. ಗೇರಿನ ಕಾರಿನಲ್ಲಿ ಬಾಣ, ಜೊತೆಗೆ ಕಾನ್‌ಸ್ಟೆಬಲ್ ಮತ್ತು ಬಾಣನ ಭಾವಮೈದ. ಆಟೊಮ್ಯಾಟಿಕ್‌ನಲ್ಲಿ ಚಾಲಕಿ, ಜೊತೆಗೆ ನಾನು ಮತ್ತು ಠಾಣೆಯ ಬರಹಗಾರರು. ಎರಡಕ್ಕೂ ಮುದ್ರೆ. 19ನೇ ತಾರೀಖು ಬೆಳಿಗ್ಗೆ 7 ಗಂಟೆಗೆ ಎರಡೂ ಹೊರಟವು. 7 ಗಂಟೆ 2 ನಿಮಿಷಕ್ಕೆ ಬಾಣ ಕಣ್ಣಿಗೆ ಕಾಣದಾದ.

ಚಾಲಕಿ ಆಟೊಮ್ಯಾಟಿಕ್ ಮುಟ್ಟಿದ್ದು ಅದೇ ಮೊದಲು. ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕಿ ಎರಡು ಸಲ ನೆಲ ತುಳಿಯಿತು. ಕಾರು ಗೇರು ಬದಲಿಸದೆ ಕೂಗುತ್ತಿತ್ತು. ಮೂರು ಕಿ.ಮೀ. ಹೀಗೇ ಹೋಯಿತು. ನಾನು ಸೋಲು ನೋಡುತ್ತಿದ್ದೇನೆ ಎಂದುಕೊಂಡೆ, ಮತ್ತು ಅದು ಸೋಲಾಗಬಾರದು ಎಂದು ಬಯಸುತ್ತಿದ್ದೇನೆ ಎಂಬುದು ತಿಳಿದು ನನಗೇ ಆಶ್ಚರ್ಯವಾಯಿತು. ಆಮೇಲೆ ಅವರು 40ರ ಹತ್ತಿರ ಬಂದಾಗ ಬಲಗಾಲನ್ನು ಕಾಗದದಷ್ಟು ಎತ್ತಿದರು. ಕಾರು ತಾನಾಗಿ ಮೇಲಿನ ಗೇರಿಗೆ ಹೋಗಿ ಸದ್ದು ಇಳಿಸಿತು. ಇದಕ್ಕೆ ಹೇಳೋ ಹಾಗಿಲ್ಲ ಸಾರ್, ಒಪ್ಪಿಸಬೇಕು, ಸ್ವಲ್ಪ ನಮ್ಮ ಯಜಮಾನರ ಥರ ಎಂದರು. ಬರಹಗಾರರು ನಕ್ಕರು. ಅವರೂ ನಕ್ಕರು. ಅವರು ನಗುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮೊದಲನೆಯ ಪಂಪ್‌ಹೌಸ್ ಬರುವ ಹೊತ್ತಿಗೆ, ಅಂದರೆ 9 ಕಿ.ಮೀ.ಯೊಳಗೆ, ಆ ಕಾರು ಯಾವಾಗ ಏನು ಮಾಡುತ್ತದೆ ಎಂಬುದು ಅವರಿಗೆ ಮೊದಲೇ ತಿಳಿಯುತ್ತಿತ್ತು. ಒಂಬತ್ತು ವರ್ಷದಿಂದ ನಮ್ಮ ಅಂಗಳದಲ್ಲಿ ನಿಲ್ಲುತ್ತಿದ್ದ ಕಾರು ಅದು. ಅಷ್ಟು ಮೆತ್ತಗೆ ಅದು ಹೋಗಬಲ್ಲದೇ ಎಂದು ಯಾರೂ ಅದನ್ನು ಕೇಳಿರಲಿಲ್ಲ.

ಬಾಣ ನಮಗಿಂತ 58 ನಿಮಿಷ ಮೊದಲು ಬಂದು ಬಂಕಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಹೆದ್ದಾರಿಯಲ್ಲಿ ಅವನ ಮುಳ್ಳು 95ರಿಂದ 105ರ ನಡುವೆ ಇತ್ತು, ತನ್ನ ಬೆಳಗಿನ ತಿಂಡಿ ಗಂಟಲಲ್ಲೇ ಇತ್ತು ಎಂದು ಕಾನ್‌ಸ್ಟೆಬಲ್ ಹೇಳಿದರು. ಗೇರಿನ ಕಾರಿಗೆ 13.6 ಲೀಟರ್ ಹಿಡಿಸಿತು. ಆಟೊಮ್ಯಾಟಿಕ್‌ಗೆ 11.2.

ಅಂದರೆ, ಬಾಣನ ಕೈಯಲ್ಲಿ ಆಟೊಮ್ಯಾಟಿಕ್ 16 ಲೀಟರ್, ಗೇರಿನದು 13.6. ಚಾಲಕಿಯ ಕೈಯಲ್ಲಿ ಆಟೊಮ್ಯಾಟಿಕ್ 11.2, ಗೇರಿನದು 9.2. ಗೇರ್‌ಪೆಟ್ಟಿಗೆ ಬದಲಾದರೆ ಎರಡು ಲೀಟರ್ ಚಿಲ್ಲರೆ ವ್ಯತ್ಯಾಸ. ಓಡಿಸುವ ಕಾಲು ಬದಲಾದರೆ ನಾಲ್ಕೂವರೆ. ಬಾಣ ಹೇಳಿದ್ದೂ ನಿಜ, ಆದರೆ ಚಿಕ್ಕ ನಿಜ. ಅವನು ಕದ್ದಿಲ್ಲ, ಕಾರು ನಿಜವಾಗಿಯೂ ಕುಡಿದಿತ್ತು ಎಂಬುದನ್ನು ಸಹ ಇಲ್ಲಿ ಸ್ಪಷ್ಟಪಡಿಸುತ್ತೇನೆ. ಅವನು ಅಂಕಿ ನೋಡಿ ಕಾಲು ಕೆಳಗಿಳಿಸಿದ. ಅಕ್ಕಾ, ಒಂಬತ್ತು ವರ್ಷ ನಾನು ಗಾಳಿಗೆ ಪೆಟ್ರೋಲ್ ಸುರಿದ್ನಾ ಎಂದು ಚಾಲಕಿಯನ್ನು ಕೇಳಿದ. ಗಾಳಿಗೆ ಯಾರಾದರೂ ಸುರೀಬೇಕಲ್ಲಪ್ಪ ಎಂದು ಅವರು ಹೇಳಿ, ಅವನ ಬೆನ್ನು ತಟ್ಟಿದರು.

ಈ ದಿನ, 20ನೇ ತಾರೀಖು, ಮಧ್ಯಾಹ್ನ 1 ಗಂಟೆ 30 ನಿಮಿಷಕ್ಕೆ ಇನ್ಸ್‌ಪೆಕ್ಟರ್ ನಮ್ಮಿಬ್ಬರನ್ನೂ ಕೂರಿಸಿಕೊಂಡು, ತಪ್ಪು ದೂರು ಕೊಟ್ಟವರ ಮೇಲೆ ನೀವು ದೂರು ಕೊಡಬಹುದು ಎಂದು ಚಾಲಕಿಗೆ ತಿಳಿಸಿದರು. ಅದು ನ್ಯಾಯ ಎಂದು ನಾನೂ ಹೇಳಿದೆ. ಚಾಲಕಿ ನನ್ನ ಕಡೆ ನೋಡಿದರು. ಬಂದು ಕೂತು ನೋಡಿ ಅಂತ ಆವತ್ತೇ ಹೇಳಿದ್ದೆನಲ್ಲ ಸಾರ್ ಎಂದರು. ಹೌದು ಎಂದೆ. ಆಮೇಲೆ ಅವರು ಇನ್ಸ್‌ಪೆಕ್ಟರ್ ಕಡೆ ತಿರುಗಿ, ದೂರು ಗೀರು ಬೇಡ, ಐದು, ಆರು, ಏಳರ ನೀರನ್ನ ಹದಿನೇಳು ದಿನದಿಂದ ಯಾರೂ ಪರೀಕ್ಷೆ ಮಾಡಿಲ್ಲ, ಅಷ್ಟೂ ಹಳ್ಳಿಯವರು ಅದನ್ನೇ ಕುಡೀತಿದ್ದಾರೆ, ಕಾರು ಯಾವಾಗ ಕೊಡ್ತೀರಿ ಎಂದು ಕೇಳಿದರು. ಈ ಹದಿನೇಳು ದಿನ ಆ ಮೂರರಿಂದ ನೀರು ತರಲು ಬೇರೆಯವರನ್ನು ಕಳಿಸುವುದು ನನ್ನ ಕೆಲಸವಾಗಿತ್ತು. ಕಾರಿಲ್ಲ ಎಂದು ಹತ್ತಿರದ ನಾಲ್ಕಕ್ಕೆ ಮಾತ್ರ ಕಳಿಸಿದ್ದೆ.

ಕಾರನ್ನು ಬಿಡುಗಡೆ ಮಾಡಲಾಯಿತು. ಕಚೇರಿಗೆ ನಾನೇ ಫೋನ್ ಮಾಡಿ, ಅವರನ್ನು ಕೆಲಸದಿಂದ ದೂರವಿಟ್ಟ ಆದೇಶ ರದ್ದು ಮಾಡಿಸಿದೆ. ಅಡ್ಡಗೆರೆ ಎಳೆದ ಐದು ತಿಂಗಳ ವರದಿಗಳನ್ನು ಸರಿಯೆಂದು ಮತ್ತೆ ಸೇರಿಸುವಂತೆ ಬರೆದುಕೊಟ್ಟಿದ್ದೇನೆ. ಪ್ರಯೋಗಾಲಯದವರು 21 ಬಾಟಲಿಗಳ ಪೆಟ್ಟಿಗೆಯನ್ನು ಠಾಣೆಗೇ ತಂದುಕೊಟ್ಟರು. ಇವತ್ತೇ ಯಾಕೆ, ಸೋಮವಾರ ಹೋಗಬಹುದಲ್ಲ ಎಂದು ಕಾನ್‌ಸ್ಟೆಬಲ್ ಕೇಳಿದರು. ಸೋಮವಾರದ ನೀರು ಬೇರೆ ಅಣ್ಣಾ ಎಂದು ಚಾಲಕಿ ಹೇಳಿದರು. 2 ಗಂಟೆ 35 ನಿಮಿಷಕ್ಕೆ ಒಬ್ಬರೇ ಹೊರಟರು. ಆವರಣದ ಗೇಟು ದಾಟುವಾಗ ಗಾಡಿ ಎರಡನೆಯ ಗೇರಿನಲ್ಲಿತ್ತು.

ಈ ಹೇಳಿಕೆ ಬರೆಸಿ ಮುಗಿಯುವಾಗ ಸಮಯ 4 ಗಂಟೆ 50 ನಿಮಿಷ. ಬರಹಗಾರರು ಮೊದಲಿಂದ ಓದಿ ಹೇಳಿದರು, ನಾನು ಹೇಳಿದಂತೆಯೇ ಇದೆ. 3ನೇ ತಾರೀಖಿನ ಹೇಳಿಕೆಯ ಕೊನೆಗೂ ಮೇಲಿನದೆಲ್ಲ ಸತ್ಯ ಎಂದು ಸಹಿ ಮಾಡಿದ್ದೆ. ಅದರಲ್ಲಿಯ ಗುಣಾಕಾರದಲ್ಲಿ ಈಗಲೂ ತಪ್ಪಿಲ್ಲ. ಆದ್ದರಿಂದ ಈ ಸಲ ನನಗೆ ಸತ್ಯವೆಂದು ಗೊತ್ತಿರುವ ಒಂದನ್ನು ಸೇರಿಸಿ ಸಹಿ ಮಾಡುತ್ತೇನೆ. ಚಾಲಕಿಯ ವೇಗದಲ್ಲಿ, ಪ್ರತಿ ನಲ್ಲಿಗೆ ಹನ್ನೆರಡು ನಿಮಿಷ ಹಿಡಿದರೆ, ಈ ಹೊತ್ತಿಗೆ ಅವರು ನಾಲ್ಕನೆಯ ಪಂಪ್‌ಹೌಸ್ ದಾಟಿ 12 ಕಿ.ಮೀ. ಹೋಗಿದ್ದಾರೆ. ಜೊತೆಯಲ್ಲಿ ಯಾರೂ ಇಲ್ಲ. ಟ್ಯಾಂಕಿಗೆ ಮುದ್ರೆ ಇಲ್ಲ.

ಸ್ಥಳ: ಠಾಣೆಯ ಬರಹಗಾರರ ಕೊಠಡಿ
ದಿನಾಂಕ: 20, ಶನಿವಾರ
ಸಹಿ: (ವಾಹನ ವಿಭಾಗದ ಮೇಲ್ವಿಚಾರಕ)